ಎಸೆನ್‌ಕುಲ್ ಬೀದಿ ಎಲ್ಲಿದೆ

ತೊಂದರೆಯೆಲ್ಲ ಶುರುವಾದದ್ದು ಬಿಟ್ಟಿ ಪಲಾವಿನಿಂದ.

ಅಕ್‌ಕೆಚೂ ಪಟ್ಟಣದ ನಗರಸಭೆ ತನ್ನ ವ್ಯಾಪಾರಿಗಳಿಗೆ ಐದು ದಿನದ ತರಬೇತಿ ಇಟ್ಟುಕೊಂಡಿತ್ತು. 'ಮುಕ್ತ ದತ್ತಾಂಶದಿಂದ ವ್ಯಾಪಾರ ವೃದ್ಧಿ' ಎಂದು ಅದರ ಹೆಸರು. ಬಜಾರಿನ ಗೇಟಿಗೆ ಚೀಟಿ ಅಂಟಿಸಿ ಒಂದು ವಾರವಾದರೂ ಒಬ್ಬನೂ ಹೆಸರು ಕೊಡಲಿಲ್ಲ. ಮುಕ್ತ ಎಂದರೇನು, ದತ್ತಾಂಶ ಎಂದರೇನು, ಎರಡೂ ಸೇರಿದರೆ ದಂಡ ಯಾರಿಗೆ ಬೀಳುತ್ತದೆ ಎಂದು ಜನ ದೂರವೇ ನಿಂತರು. ಎಂಟನೆಯ ದಿನ ಯಾರೋ ಬುದ್ಧಿವಂತ ಚೀಟಿಯ ಕೆಳಗೆ ಪೆನ್ನಿನಲ್ಲಿ 'ಮಧ್ಯಾಹ್ನ ಪಲಾವು ಇರುತ್ತದೆ' ಎಂದು ಬರೆದ. ಸಂಜೆಯೊಳಗೆ ಇಪ್ಪತ್ತು ಕುರ್ಚಿಯೂ ಭರ್ತಿ.

ಹತ್ತೊಂಬತ್ತನೆಯ ಕುರ್ಚಿ ಜುಮಾಶ್‌ನದು. ಬಜಾರಿನ ಹಿಂದಿನ ಗೇಟಿನ ಪಕ್ಕದಲ್ಲಿ ತಂದೂರು ಇಟ್ಟುಕೊಂಡು, ಕುರಿಮಾಂಸ ಈರುಳ್ಳಿ ತುಂಬಿದ ಸಂಸಾ ಬೇಯಿಸಿ ಹನ್ನೊಂದು ವರ್ಷದಿಂದ ಮಾರುತ್ತಿದ್ದವನು. ವ್ಯಾಪಾರ ಕೆಟ್ಟದ್ದೇನೂ ಇರಲಿಲ್ಲ. ಆದರೆ ಈತ ಒಳ್ಳೆಯದು ನಡೆದರೆ ಇನ್ನೆಷ್ಟು ದಿನವೋ ಎಂದು ಹೆದರುವ, ಕೆಟ್ಟದ್ದು ನಡೆದರೆ ಇದು ಬರೀ ಶುರು ಎಂದು ಹೆದರುವ ಮನುಷ್ಯ. ಇಂಥವರನ್ನು ತರಬೇತಿಗೆ ಸೇರಿಸಲೇಬಾರದು. ಸೇರಿಸಿಕೊಂಡರು.

ರಾಜಧಾನಿ ಬಿಷ್ಕೆಕ್‌ನಿಂದ ಬಂದಿದ್ದ ಶಿಕ್ಷಕಿ ಐಜಾದಾ ಮೊದಲ ದಿನವೇ ಒಬ್ಬೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿ ಕೇಳಿದ್ದಳು, "ನಿಮ್ಮ ಅಂಗಡಿಗೆ ಆ ಜಾಗಾನೇ ಯಾಕೆ ಆರಿಸ್ಕೊಂಡ್ರಿ?"

ಜುಮಾಶ್ ನಿಜ ಹೇಳಿದ. "ತಂದೂರು ಸಾಗಿಸ್ತಾ ಇದ್ದಾಗ ಗಾಡಿ ಚಕ್ರ ಅಲ್ಲೇ ಮುರೀತು ಮೇಡಂ."

ಹತ್ತೊಂಬತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿಕ್ಷಕಿ ನಗಲಿಲ್ಲ. ಅದೇ ಹೆಚ್ಚು ನೋವಾಯಿತು. "ಹನ್ನೊಂದು ವರ್ಷ ಒಂದು ಮುರಿದ ಚಕ್ರದ ಮಾತು ಕೇಳ್ಕೊಂಡು ವ್ಯಾಪಾರ ಮಾಡಿದ್ದೀರಾ ಅಣ್ಣಾ," ಎಂದಳು. ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಚಕ್ರ.

ಇದು ಐದನೆಯ ದಿನ, ಶುಕ್ರವಾರ. ಈ ಶುಕ್ರವಾರಕ್ಕೆ ಇನ್ನೊಂದು ಮುಳ್ಳೂ ಇತ್ತು. ಒಲೆ ಇಡುವ ಜಾಗದ ವರ್ಷದ ಒಪ್ಪಂದ ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ನಗರಸಭೆಯ ಕಿಟಕಿಯಲ್ಲಿ ಸಹಿ ಹಾಕಿದವನಿಗೆ ಜಾಗ. ಹಾಕದವನಿಗೆ ಬೀದಿ. ಜುಮಾಶ್‌ನ ಮಟ್ಟಿಗೆ ಬೀದಿ ಎಂದರೆ ಅತ್ತೆಯ ಮನೆ.

ಅತ್ತೆ ಬುಬುಸಾರಾ ಅರವತ್ತು ಕಿಲೋಮೀಟರ್ ಮೇಲೆ, ಗುಡ್ಡದ ನೆತ್ತಿಯ ಟೋರ್‌ಬುಲಾಕ್ ಎಂಬ ಹಳ್ಳಿಯಲ್ಲಿದ್ದಳು. ಹನ್ನೊಂದು ಹಸು, ಆರು ಕುದುರೆ, ಒಂದು ಬೆತ್ತ. ಹೋದ ಬೇಸಿಗೆಯಲ್ಲಿ ಜುಮಾಶ್ ಅಲ್ಲಿ ಒಂಬತ್ತು ದಿನ ಇದ್ದು ಬಂದಿದ್ದ. ಬೆಳಗಿನ ನಾಲ್ಕಕ್ಕೆ ಎದ್ದು ಹಾಲು ಕರೆಯಬೇಕು, ಆಮೇಲೆ ಚಳಿಗಾಲದ ಉರುವಲಿಗೆ ಬೆರಣಿ ತಟ್ಟಬೇಕು. ಅವನು ತಟ್ಟಿದ ಮೊದಲ ಬೆರಣಿಯನ್ನು ಅತ್ತೆ ಎತ್ತಿ ಹಿಡಿದು ನೆರೆಯ ಹೆಂಗಸರಿಗೆಲ್ಲ ತೋರಿಸಿ, "ನೋಡ್ರೇ, ಪಟ್ಟಣದಲ್ಲಿ ಇದನ್ನೇ ಸಂಸಾ ಅಂತ ಮಾರ್ತಾನಂತೆ," ಎಂದಿದ್ದಳು. ಹೆಂಡತಿ ಬುರುಲ್ ಮದುವೆಯ ದಿನದಿಂದ ಒಂದೇ ಮಾತು ಹೇಳುತ್ತ ಬಂದಿದ್ದಳು: "ಒಲೆ ಇಡಕ್ಕೆ ಜಾಗ ಇರೋವರೆಗೂ ಇಲ್ಲಿರೋಣ ರೀ. ಇಲ್ದಿದ್ದ ದಿನ ಅಮ್ಮನ ಮನೆ. ನನಗೆ ಎರಡೂ ಒಂದೇ." ಅವಳಿಗೆ ಒಂದೇ. ಬೆರಣಿ ತಟ್ಟುವವನು ಯಾರು?

ಬೆಳಿಗ್ಗೆ ತರಬೇತಿಗೆ ಹೋಗುವ ಮೊದಲು ಅವನು ಒಲೆಯ ಹತ್ತಿರ ಹೋದ. ಬುರುಲ್ ತಂದೂರಿನ ಬಾಯಿಗೆ ಬಗ್ಗಿ ಮೊದಲ ಸಂಸಾಗಳನ್ನು ಗೋಡೆಗೆ ಅಂಟಿಸುತ್ತಿದ್ದಳು. ಅವನ ಏಪ್ರನ್ ಐದು ದಿನದಿಂದ ಹಿಂದಿನ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು, ಹಾಸಿಗೆಯ ಹೊದಿಕೆಯಷ್ಟು ಅಗಲದ ಏಪ್ರನ್. ಆ ಮೊಳೆ ಹೋದ ವಸಂತದಲ್ಲಿ ನಗರಸಭೆಯ ಆಳುಗಳು ಏನೋ ಕೆಲಸಕ್ಕೆ ಬಡಿದು ಹೋದದ್ದು. ಅದರಿಂದ ತನಗಾದ ಉಪಕಾರ ಇದೊಂದೇ ಎಂದು ಜುಮಾಶ್ ಹೇಳುತ್ತಿದ್ದ.

ಪಕ್ಕದಲ್ಲಿ ಚಹಾ ಮಾರುವ ಟೊಕ್ಟೊಕಾನ್ ಚಹಾ ನೀರು ಕಾಯಿಸುವ ಸಮೋವರಿಗೆ ಕಟ್ಟಿಗೆ ತುರುಕುತ್ತ ಕೆಣಕಿದಳು. "ಏನಪ್ಪಾ ವಿದ್ಯಾರ್ಥಿ, ಇವತ್ತು ಪಾಠದಲ್ಲಿ ಕುರಿನೋ ದನಾನೋ?"

"ಪಾಠ ಅಂದ್ರೆ ಬರೀ ಪಲಾವು ಅಲ್ಲ ಅಕ್ಕಾ."

"ನಿನ್ನೆ ನಿನ್ನ ಗಡ್ಡದಲ್ಲಿ ಕ್ಯಾರೆಟ್ ಇತ್ತು, ಅದಕ್ಕೆ ಕೇಳ್ದೆ."

ತರಬೇತಿ ನಡೆಯುತ್ತಿದ್ದದ್ದು ನಗರಸಭೆಯ ಮೇಲಿನ ಮಹಡಿಯ ಹಾಲಿನಲ್ಲಿ. ಇವತ್ತಿನ ಕೆಲಸ ಸುಲಭ ಎಂದಳು ಐಜಾದಾ. ಸರ್ಕಾರ ತನ್ನ ಪಟ್ಟಿಗಳನ್ನೆಲ್ಲ ಯಾರು ಬೇಕಾದರೂ ನೋಡಲಿ ಎಂದು ಬಿಚ್ಚಿಟ್ಟಿದೆ. ಯಾವ ಬೀದಿಯಲ್ಲಿ ದಿನಕ್ಕೆ ಎಷ್ಟು ಜನ ಮಿನಿಬಸ್ಸಿನಿಂದ ಇಳಿಯುತ್ತಾರೆ, ಅದೊಂದು ಪಟ್ಟಿ. ಯಾರಿಗೆ ಯಾವ ವಿಳಾಸದಲ್ಲಿ ಯಾವ ವ್ಯಾಪಾರದ ಪರವಾನಗಿ ಇದೆ, ಅದಿನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಜನ ಜಾಸ್ತಿ, ನಿಮ್ಮ ವ್ಯಾಪಾರ ಕಮ್ಮಿ, ಅಲ್ಲಿಗೆ ಹೋಗಿ.

ಜುಮಾಶ್‌ನ ಬೆರಳು ಮೌಸಿನ ಮೇಲೆ ಬೆವರಿತು. ಅವಳು ಹೇಳಿದಂತೆ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಪರದೆಯ ಮೇಲೆ ಬೀದಿಗಳು ಮೇಲೆ ಕೆಳಗೆ ಓಡಾಡಿ ಕೊನೆಗೆ ಸಾಲಾಗಿ ನಿಂತವು. ಎಲ್ಲಕ್ಕಿಂತ ಮೇಲೆ ಒಂದು ಸಾಲು: ಎಸೆನ್‌ಕುಲ್ ಬೀದಿ, ಭಾಗ ಹದಿನಾಲ್ಕು. ದಿನಕ್ಕೆ ಇಳಿಯುವ ಜನ ಮೂರು ಸಾವಿರದ ಇನ್ನೂರ ಅರವತ್ತು. ಸಂಸಾ ಒಲೆ ಸೊನ್ನೆ.

ಐಜಾದಾ ಅವನ ಹಿಂದೆ ಬಂದು ನಿಂತು ಉಸಿರು ಬಿಗಿಹಿಡಿದಳು. "ಅಣ್ಣಾ, ಇದು ಬಂಗಾರದ ಗಣಿ."

"ಇದು ಎಲ್ಲಿದೆ ಮೇಡಂ?"

"ನಾನು ಬಿಷ್ಕೆಕ್‌ನೋಳು. ನಿಮ್ಮೂರ ಬೀದಿ ನಿಮಗೇ ಗೊತ್ತಿರ್ಬೇಕು."

"ನಕ್ಷೆ ಇದ್ರೆ ಒಂಚೂರು ತೋರಿಸ್ತೀರಾ?"

"ನಕ್ಷೆ ಎರಡನೇ ಹಂತದ ತರಬೇತೀಲಿ ಬರುತ್ತೆ."

ಎರಡು ವರ್ಷದ ಹಿಂದೆ ನಗರಸಭೆ ಊರಿನ ಬೀದಿಗಳ ಹೆಸರುಗಳನ್ನೆಲ್ಲ ಒಂದೇ ದಿನದಲ್ಲಿ ಬದಲಾಯಿಸಿತ್ತು. ಊರವರು ಒಂದನ್ನೂ ಕಲಿತಿರಲಿಲ್ಲ. ಹಳೆಯ ಹೆಸರನ್ನೂ ಅವರು ಎಂದೂ ಬಳಸಿದವರಲ್ಲ. ಹಳೇ ಸಿನಿಮಾ ಮಂದಿರ, ಹಿಂದಿನ ಗೇಟು, ಮೊದಲು ಪ್ರತಿಮೆ ಇದ್ದ ಜಾಗ, ಇಷ್ಟರಲ್ಲೇ ಹುಟ್ಟಿ ಇಷ್ಟರಲ್ಲೇ ಸಾಯುವ ಜನ.

ಜುಮಾಶ್ ಪಕ್ಕದವರನ್ನು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಐಜಾದಾ ಇಡೀ ಹಾಲಿಗೆ ಕೇಳುವಂತೆ ಹೇಳಿದಳು, "ನೆನಪಿಟ್ಕೊಳ್ಳಿ, ಮುಕ್ತ ಅಂದ್ರೆ ಎಲ್ಲರಿಗೂ ಮುಕ್ತ. ನಿಮಗೆ ಕಂಡಿದ್ದು ನಾಳೆ ಬೇರೆಯವರಿಗೂ ಕಾಣುತ್ತೆ. ಮೊದಲು ಓಡಿದವನಿಗೇ ಜಾಗ." ಜುಮಾಶ್ ತೆರೆದ ಬಾಯನ್ನು ಮುಚ್ಚಿದ. ಪರದೆಗೆ ಎದೆ ಅಡ್ಡ ಕೊಟ್ಟು ಕುಳಿತ. ಬೀದಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಡಚಿ ಬೂಟಿನೊಳಗೆ ತುರುಕಿಕೊಂಡ.

ಆಗ ಐಜಾದಾಳ ಕಣ್ಣು ಪಟ್ಟಿಯ ಕೊನೆಗೆ ಹೋಯಿತು.

"ಇದೇನಿದು? ಟೋರ್‌ಬುಲಾಕ್ ಅಂತ ಹಳ್ಳಿ. ಮನೆ ನಂಬರ್ ಆರು. ಒಂದೇ ಮನೇಲಿ ಸಂಸಾ ಒಲೆ, ಕ್ಷೌರದಂಗಡಿ, ಟೈರ್ ರಿಪೇರಿ, ಮದುವೆ ಗೌನ್ ಬಾಡಿಗೆ, ಫೋನ್ ರಿಪೇರಿ, ಹಲ್ಲಿನ ಡಾಕ್ಟ್ರು. ನಲವತ್ತೇ ಮನೆ ಇರೋ ಊರಲ್ಲಿ."

ಹಾಲಿನಲ್ಲಿದ್ದವರೆಲ್ಲ ಚಾವಣಿ ನೋಡತೊಡಗಿದರು. ಗುಡ್ಡದ ಹಳ್ಳಿಯ ವಿಳಾಸ ಕೊಟ್ಟರೆ ಪರವಾನಗಿಯ ಶುಲ್ಕ ಕಾಲು ಭಾಗ. ಹಾಗಾಗಿ ಅಕ್‌ಕೆಚೂವಿನಲ್ಲಿ ಅಂಗಡಿ ಇಟ್ಟವರೆಲ್ಲ ಕಾಗದದಲ್ಲಿ ಯಾರೋ ಅತ್ತೆಯ, ಯಾರೋ ಚಿಕ್ಕಮ್ಮನ ಮನೆಯಲ್ಲಿ ವ್ಯಾಪಾರ ಮಾಡುತ್ತಿದ್ದರು. ನಂಬರ್ ಆರು ಬುಬುಸಾರಾಳ ಮನೆ. ಅವಳ ಇಬ್ಬರು ಗಂಡುಮಕ್ಕಳು, ಮೂವರು ಅಳಿಯಂದಿರು, ಒಬ್ಬಳು ಸೊಸೆ, ಎಲ್ಲರ ಪರವಾನಗಿಯೂ ಆ ಒಂದೇ ಹಟ್ಟಿಯ ಮೇಲೆ. ಆ ಸಂಸಾ ಒಲೆ ಜುಮಾಶ್‌ನದೇ. ಈ ಹುಡುಗಿ ಈಗ ಕೆಳಗಿನ ಕಚೇರಿಗೆ ಹೋಗಿ ಬಾಯಿ ಬಿಟ್ಟರೆ ಎಂದು ಅವನು ಪರದೆಗೆ ಇನ್ನಷ್ಟು ಅಡ್ಡ ವಾಲಿದ.

"ಅದನ್ನ ಬಿಡಿ ಮೇಡಂ. ಹಳ್ಳಿ ಜನ, ಏನೇನೋ ಬರೆಸಿರ್ತಾರೆ."

"ಬಿಡೋದಾ? ಇದು ಬೆಳವಣಿಗೆ ಕೇಂದ್ರ ಅಣ್ಣಾ. ಇದನ್ನ ಎಲ್ಲರೂ ನೋಡ್ಬೇಕು." ಅವಳು ಪಟ್ಟಿಯಲ್ಲಿದ್ದ ಫೋನ್ ನಂಬರನ್ನು ಕೆಂಪು ಪೆನ್ನಿನಲ್ಲಿ ಬರೆದುಕೊಂಡಳು.

ಊಟಕ್ಕೆ ಬಿಟ್ಟರು. ಮೆಟ್ಟಿಲ ಮೇಲೆಲ್ಲ ಪಲಾವಿನ ಘಮ. ಐದು ದಿನದಲ್ಲಿ ಮೊದಲ ಸಲ ಜುಮಾಶ್ ಅದರ ಪಕ್ಕದಿಂದ ಮೂಗು ಮುಚ್ಚಿಕೊಂಡು ದಾಟಿ ಕೆಳಗಿನ ಕಿಟಕಿಗೆ ಓಡಿದ.

ಜಾಗ ಹಂಚುವ ಅಧಿಕಾರಿ ಒರೊಜ್ ಸಾಹೇಬ ಕಿಟಕಿಯ ಆಚೆ ಕುಳಿತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದ. "ಬಾ ಜುಮಾಶ್. ಅದೇ ಜಾಗ, ಅದೇ ಸಹಿ ತಾನೆ?"

"ಇಲ್ಲ ಸಾಹೇಬ್ರೆ. ಬೇರೆ ಜಾಗ ಬೇಕಿತ್ತು."

ಒರೊಜ್ ಬೀಜ ಒಡೆಯುವುದನ್ನು ನಿಲ್ಲಿಸಿದ. "ಒಬ್ಬನ ಹೆಸರಿಗೆ ಒಂದೇ ಜಾಗ. ಹಳೇದು ಬಿಟ್ಟು ಬರೆದುಕೊಟ್ಟ ಮೇಲೇನೇ ಹೊಸದು."

"ಬಿಡ್ತೀನಿ."

"ಯಾವುದಪ್ಪ ಅಂಥ ಜಾಗ?"

ಜುಮಾಶ್ ಹಿಂದೆ ತಿರುಗಿ ನೋಡಿದ. ತನ್ನ ಚಹಾ ಜಾಗಕ್ಕೆ ಸಹಿ ಹಾಕಲು ಬಂದಿದ್ದ ಟೊಕ್ಟೊಕಾನ್ ಬಾತುಕೋಳಿಯಂತೆ ಕತ್ತು ಚಾಚಿ ನಿಂತಿದ್ದಳು. "ಆಮೇಲೆ ಹೇಳ್ತೀನಿ ಸಾಹೇಬ್ರೆ."

"ಯಾಕೆ, ಓಡಿಸ್ಕೊಂಡು ಹೋಗೋ ಹುಡುಗಿ ಹೆಸರೇನು ಅದು? ಸರಿ. ಹೊಸ ಜಾಗಕ್ಕೆ ಈ ಅರ್ಜಿ. ಹೋಗಿ ನೋಡಿ, ಹೆಜ್ಜೆ ಹಾಕಿ ಅಳೆದು, ಅಕ್ಕಪಕ್ಕ ಯಾರಿದ್ದಾರೆ ಅಂತ ಬರ್ಕೊಂಡು ಐದರ ಒಳಗೆ ತಾ. ಐದಕ್ಕೆ ಕಿಟಕಿ ಮುಚ್ತೀನಿ. ನಿನಗೇ ಅಂತಲ್ಲ, ನಮ್ಮಪ್ಪ ಬಂದ್ರೂ ಮುಚ್ತೀನಿ. ಇಲ್ಲಿ ಸಹಿ ಹಾಕು, ಹಳೇದು ಬಿಟ್ಟೆ ಅಂತ."

ಜುಮಾಶ್ ಪೆನ್ನು ತೆಗೆದುಕೊಂಡ. ಹನ್ನೊಂದು ವರ್ಷದ ಹೊಗೆ, ಸುಟ್ಟ ಮೊಣಕೈ, ಎಲ್ಲ ಒಂದು ಗೀಟಿನಲ್ಲಿ ಹೋಗುವುದರಲ್ಲಿತ್ತು. ಆದರೆ ಕಿವಿಯಲ್ಲಿ ಮುರಿದ ಚಕ್ರ ಎಂಬ ಮಾತು ಇನ್ನೂ ಗುಂಯ್‌ಗುಡುತ್ತಿತ್ತು. ಸಹಿ ಹಾಕಿದ.

ಟೊಕ್ಟೊಕಾನ್ ಅವನ ತೋಳು ಹಿಡಿದಳು. "ಯಾಕಪ್ಪಾ, ನನ್ನ ಸಮೋವರ್ ಹೊಗೆ ಜಾಸ್ತಿ ಆಯ್ತಾ?"

"ಅದೆಲ್ಲ ದತ್ತಾಂಶ ಅಕ್ಕಾ. ನಿಮಗೆ ಅರ್ಥ ಆಗಲ್ಲ."

"ಆಗದೇ ಇದ್ರೆ ಬೇಡ. ಬೀದಿ ಹೆಸರಾದ್ರೂ ಹೇಳು, ಗೊತ್ತಿದ್ರೆ ದಾರಿ ತೋರಿಸ್ತೀನಿ."

"ಹೇಳಲ್ಲ," ಎಂದು ಜುಮಾಶ್ ತೋಳು ಬಿಡಿಸಿಕೊಂಡು ಹೊರಗೋಡಿದ.

ಎದುರಿಗೇ ಟ್ಯಾಕ್ಸಿ ಶೇರಾಲಿ ನಿಂತಿದ್ದ. ಇಪ್ಪತ್ತು ವರ್ಷದಿಂದ ಈ ಊರಲ್ಲಿ ಕಾರು ಓಡಿಸುವವನು. ತನಗೆ ಗೊತ್ತಿಲ್ಲದ ದಾರಿ ಇದೆ ಎಂದು ಒಮ್ಮೆಯೂ ಒಪ್ಪಿಕೊಂಡವನಲ್ಲ.

"ಎಲ್ಲಿಗಣ್ಣಾ?"

"ನೇರ ಹೋಗು."

"ನೇರ ಹೋದ್ರೆ ಕಜಾಕಿಸ್ತಾನ ಬರುತ್ತೆ."

ಜುಮಾಶ್ ಗಾಜು ಏರಿಸಿ, ಅವನ ಕಿವಿಗೆ ಬಾಯಿಟ್ಟು ಹೇಳಿದ. ಶೇರಾಲಿ "ಓ ಅದಾ," ಎಂದು ಗಾಡಿ ತಿರುಗಿಸಿದ. ಹತ್ತು ನಿಮಿಷಕ್ಕೆ ಆಸ್ಪತ್ರೆಯ ಹಿಂಭಾಗ ಬಂತು. ಅಲ್ಲಿ ಎರಡು ಮೇಕೆ, ಒಂದು ಕಸದ ತೊಟ್ಟಿ.

"ಇಲ್ಲಿ ಮೂರು ಸಾವಿರ ಜನ ಇಳೀತಾರಾ?"

"ಹಬ್ಬದಲ್ಲಿ ಇಳೀಬಹುದು."

ಆಮೇಲೆ ಹಿಟ್ಟಿನ ಗಿರಣಿ. ಆಮೇಲೆ ಕಾಲುವೆ. ಶೇರಾಲಿಯ ಫೋನಿನ ನಕ್ಷೆಯಲ್ಲಿ ನೋಡಿದರೆ ಅದರಲ್ಲಿ ಇನ್ನೂ ಹಳೆಯ ಹೆಸರುಗಳೇ ಇದ್ದವು. ಕೂಡುರಸ್ತೆಯ ಪೊಲೀಸಿನವನು, "ಹೊಸ ಹೆಸರು ನನಗ್ಯಾಕೆ ಹೇಳ್ತೀಯ, ಹಳೇದು ಹೇಳು," ಎಂದ. "ಹಳೇದು ಗೊತ್ತಿದ್ರೆ ನಿಮ್ಮನ್ನ್ಯಾಕೆ ಕೇಳ್ತಿದ್ದೆ," ಎಂದು ಜುಮಾಶ್ ಹೇಳಿದ್ದಕ್ಕೆ ಕಾರಿನ ಕಾಗದಪತ್ರ ತಪಾಸಣೆಯಲ್ಲಿ ಕಾಲು ಗಂಟೆ ಹೋಯಿತು. ಎರಡೂವರೆ ಆಗಿತ್ತು. ಬೂಟಿನೊಳಗಿನ ಚೀಟಿ ಬೆವರಿಗೆ ನೆನೆದು ಕಾಲಿಗೆ ಅಂಟಿಕೊಂಡಿತ್ತು.

"ಸಿಕ್ತು ಬಿಡಣ್ಣಾ," ಎಂದ ಶೇರಾಲಿ ಇದ್ದಕ್ಕಿದ್ದಂತೆ. "ಊರ ಸಾರ್ವಜನಿಕ ಸ್ನಾನದ ಮನೆ ಹಿಂದೆ ಎಸೆನ್‌ಕುಲ್ ಅಂತ ಒಬ್ಬ ಮುದುಕ ಇದ್ದಾನೆ. ಅವನ ಹೆಸರಿನ ಬೀದಿ ಅವನ ಮನೆ ಮುಂದೆ ಇರ್ದೆ ಇನ್ನೆಲ್ಲಿರುತ್ತೆ?"

ಮುದುಕ ಬಾಗಿಲಲ್ಲೇ ಕೂತಿದ್ದ. ತಲೆಯ ಮೇಲೆ ಎತ್ತರದ ಬಿಳಿ ಉಣ್ಣೆ ಟೋಪಿ. ವಿಷಯ ಕೇಳಿದವನೇ ಎದ್ದು ನಿಂತ. "ನನ್ನ ಹೆಸರಲ್ಲಿ ಬೀದಿನಾ? ಎರಡು ವರ್ಷದಿಂದ್ಲಾ? ಒಬ್ಬ ಮಗನೂ ಬಂದು ಹೇಳ್ಲಿಲ್ವಲ್ಲ."

"ನಿಮ್ಮದೋ ಬೇರೆ ಎಸೆನ್‌ಕುಲ್‌ದೋ ಗೊತ್ತಿಲ್ಲ ತಾತ. ಎಲ್ಲಿದೆ ಅಂತ..."

"ಬೇರೆ ಎಸೆನ್‌ಕುಲ್ ಯಾವನಿದ್ದಾನೆ ಈ ಊರಲ್ಲಿ? ನಲವತ್ತು ವರ್ಷ ಇಡೀ ಊರಿಗೆ ಕುದುರೆ ಲಾಳ ಹೊಡೆದಿದ್ದೀನಿ. ಒಳಗೆ ಬನ್ನಿ."

"ಐದಕ್ಕೆ ಕಿಟಕಿ ಮುಚ್ತಾರೆ ತಾತ."

"ಬಾಗಿಲಿಗೆ ಬಂದೋನು ರೊಟ್ಟಿ ಮುರೀದೆ ಹೋದ್ರೆ ನನ್ನ ಮಾನ ಏನಾಗ್ಬೇಕು? ಅದೂ ಇಂಥ ಸುದ್ದಿ ತಂದೋನು."

ರೊಟ್ಟಿ ಮುರಿಯದೆ ಹೊಸ್ತಿಲಿನಿಂದ ಹಿಂತಿರುಗುವಷ್ಟು ಧೈರ್ಯ ಜುಮಾಶ್‌ನ ವಂಶದಲ್ಲೇ ಯಾರಿಗೂ ಇರಲಿಲ್ಲ. ಒಳಗೆ ಬಟ್ಟೆ ಹಾಸಿದರು. ರೊಟ್ಟಿ ಬಂತು, ಬೆಣ್ಣೆ ಬಂತು, ಏಪ್ರಿಕಾಟ್ ಜಾಮು ಬಂತು. ಒಂದು ತುಂಡು ಬಾಯಿಗಿಟ್ಟು ಏಳೋಣವೆಂದರೆ ಚಹಾ ಬಂತು. ಅರ್ಧ ಬಟ್ಟಲು ಚಹಾ ಸುರಿದರೆ ಗೌರವ, ತುಂಬಾ ಸುರಿದರೆ ಹೊರಡು ಎಂದರ್ಥ. ಸೊಸೆ ಅರ್ಧರ್ಧವೇ ಏಳು ಸಲ ಸುರಿದಳು. ಅಷ್ಟರಲ್ಲಿ ಸುದ್ದಿ ಗೋಡೆ ಹಾರಿ ನೆರೆಯವರೆಲ್ಲ ಬಂದರು. ಒಬ್ಬಳು, "ಬೀದಿ ಕೊಟ್ಟೋರು ಪಿಂಚಣಿನೂ ಜಾಸ್ತಿ ಮಾಡ್ತಾರಂತಾ?" ಎಂದು ಕೇಳಿದಳು. ಇನ್ನೊಬ್ಬ, "ಲಾಳ ಹೊಡೆದೋನಿಗೆ ಬೀದಿ, ಮೂವತ್ತು ವರ್ಷ ಪಾಠ ಹೇಳಿದ ನನಗೆ ಒಂದು ಗಲ್ಲೀನೂ ಇಲ್ವಾ?" ಎಂದು ಮುಖ ಊದಿಸಿಕೊಂಡು ಎದ್ದುಹೋದ.

ಜುಮಾಶ್ ಗೋಡೆಯ ಗಡಿಯಾರ ನೋಡುತ್ತ ರೊಟ್ಟಿ ನುಂಗಿದ. ಪ್ರತಿ ತುತ್ತೂ ಬೆರಣಿಯ ಹಾಗೆ ಕಂಡಿತು.

ಕೊನೆಗೆ ತುಂಬಿದ ಬಟ್ಟಲು ಬಂದಾಗ ಮೂರು ಮುಕ್ಕಾಲು. ಮುದುಕನೂ ಎದ್ದ. "ನಡೀರಿ, ನನ್ನ ಬೀದಿ ನಾನೂ ನೋಡ್ಬೇಕು," ಎಂದು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಟೋಪಿ ಸಮೇತ ಕುಳಿತ. ಟೋಪಿ ಚಾವಣಿಗೆ ತಾಗುತ್ತಿತ್ತು. ತೆಗೆಯಲು ಒಪ್ಪಲಿಲ್ಲ.

ಫೋನ್ ಬಡಿದುಕೊಂಡಿತು. ಬುರುಲ್. "ರೀ, ಟೊಕ್ಟೊಕಾನ್ ಅಕ್ಕ ಬಂದು ನಿಮ್ಮ ಒಲೆ ಯಾವಾಗ ಎತ್ತುತ್ತೀರ ಅಂತ ಕೇಳ್ತಿದಾರೆ. ನೀವು ಜಾಗ ಬಿಟ್ಟು ಬರ್ಕೊಟ್ರಂತೆ ಹೌದಾ?"

"ಬುರುಲ್, ಇದಕ್ಕಿಂತ ಒಳ್ಳೇ ಜಾಗ ಸಿಕ್ಕಿದೆ."

"ಎಲ್ಲಿ?"

"ಹುಡುಕ್ತಾ ಇದ್ದೀನಿ."

"ಸರಿ ರೀ. ಅಮ್ಮನಿಗೆ ಫೋನ್ ಮಾಡ್ತೀನಿ," ಎಂದು ಅವಳು ಇಟ್ಟುಬಿಟ್ಟಳು.

ನಾಲ್ಕೂವರೆಗೆ ಜುಮಾಶ್ ಸೋತ. ಎಸೆನ್‌ಕುಲ್ ಬೀದಿ ಹಾಳಾಗಿ ಹೋಗಲಿ, ಬುರುಲ್‌ಳನ್ನೂ ಕರೆದುಕೊಂಡು ಹೋಗಿ, ಬಿಟ್ಟ ಜಾಗವನ್ನೇ ಒರೊಜ್ ಸಾಹೇಬನ ಕಾಲು ಹಿಡಿದು ವಾಪಸು ಪಡೆಯೋಣ ಎಂದುಕೊಂಡು, "ಹಿಂದಿನ ಗೇಟಿಗೆ ನಡಿ," ಎಂದ. ಶೇರಾಲಿಗೆ ಈ ದಾರಿ ನಿಜವಾಗಿಯೂ ಗೊತ್ತಿತ್ತು. ನಾಲ್ಕು ನಿಮಿಷದಲ್ಲಿ ತಲುಪಿಸಿದ.

ಬುರುಲ್ ಬೂದಿ ಬಳಿದು ತಂದೂರಿನ ಬಾಯಿ ಮುಚ್ಚಿದ್ದಳು. ಅದರ ಪಕ್ಕ ಆಗಲೇ ಟೊಕ್ಟೊಕಾನ್‌ಳ ಎರಡು ಉದ್ದ ಬೆಂಚುಗಳು ಬಂದು ಕುಳಿತಿದ್ದವು. ಅವಳ ಗಂಡ ಮೂರನೆಯದನ್ನು ಹೊತ್ತು ತರುತ್ತಿದ್ದ.

"ನೀನು ಬಿಟ್ಟ ಐದು ನಿಮಿಷಕ್ಕೆ ನಮ್ಮೋರ ಹೆಸರಲ್ಲಿ ಬರೆಸ್ದೆ ಕಣಪ್ಪಾ," ಎಂದಳು ಟೊಕ್ಟೊಕಾನ್, ಬೇಜಾರಿನ ದನಿಯಲ್ಲಿ. "ಹನ್ನೊಂದು ವರ್ಷದಿಂದ ನನ್ನ ಗಿರಾಕಿಗಳು ನಿಂತ್ಕೊಂಡೇ ಚಹಾ ಕುಡೀತಿದ್ರು. ನಿನ್ನ ಒಲೆಗೆ ಯಾವತ್ತಾದ್ರೂ ಕಣ್ಣು ಹಾಕಿದ್ನಾ? ನೀನಾಗೇ ಬಿಟ್ಟೆ."

ಜುಮಾಶ್ ಗೋಡೆಯ ಕಡೆ ನಡೆದ. ಅಲ್ಲಿ ತನ್ನದು ಎಂದು ಉಳಿದಿದ್ದದ್ದು ಏಪ್ರನ್ ಒಂದೇ. ಅದನ್ನು ಮೊಳೆಯಿಂದ ತೆಗೆದ.

ಏಪ್ರನ್ನಿನ ಹಿಂದೆ ನೀಲಿ ತಗಡು. ನೀಲಿಯ ಮೇಲೆ ಬಿಳಿ ಅಕ್ಷರ. ಎಸೆನ್‌ಕುಲ್ ಬೀದಿ, ಭಾಗ ಹದಿನಾಲ್ಕು.

ದಿನವೂ ಕಂಡಿದ್ದ ತಗಡು, ಒಮ್ಮೆಯೂ ಓದಿದ್ದಲ್ಲ. ಮುದುಕ ಕಾರಿನಿಂದ ಇಳಿದು ಬಂದು, ತಗಡನ್ನು ಬೆರಳಿನಲ್ಲಿ ಮುಟ್ಟಿ, ಇಡೀ ದಿನ ತೆಗೆಯದಿದ್ದ ಟೋಪಿಯನ್ನು ಕೈಗೆ ತೆಗೆದುಕೊಂಡ. ಆಮೇಲೆ ತಗಡಿನ ಮೇಲಿದ್ದ ಕೊಬ್ಬಿನ ಕಲೆ ನೋಡಿ ಜುಮಾಶ್‌ನ ಕಡೆ ತಿರುಗಿದ. "ನನ್ನ ಹೆಸರಿನ ಮೇಲೆ ಇದನ್ನ ನೇತುಹಾಕಿದ್ದು ನೀನೇನಾ?"

"ಈ ಬೀದೀನಾ ನೀನು ಹುಡುಕ್ತಿದ್ದಿದ್ದು?" ಎಂದಳು ಟೊಕ್ಟೊಕಾನ್. "ಆರು ತಿಂಗಳಿಂದ ನನ್ನ ಕರೆಂಟ್ ಬಿಲ್ಲಲ್ಲಿ ಇದೇ ಬರ್ತಿದೆ. ಕೇಳಿದ್ರೆ ಹೇಳ್ತಿದ್ದೆ."

ಜುಮಾಶ್ ಬೆಂಚಿನ ಮೇಲೆ ಕುಳಿತ. ಟೊಕ್ಟೊಕಾನ್‌ಳ ಬೆಂಚು. "ಆದ್ರೆ ಪಟ್ಟಿಯಲ್ಲಿ ಈ ಬೀದೀಲಿ ಸಂಸಾ ಒಲೇನೇ ಇಲ್ಲ ಅಂತಿತ್ತು. ಸೊನ್ನೆ ಅಂತಿತ್ತು. ಇಲ್ಲಿ ನಾನಿದ್ನಲ್ಲ."

"ನೀವಿಲ್ಲಿ ಎಲ್ಲಿದ್ರಿ?" ಎಂದಳು ಬುರುಲ್ ಶಾಂತವಾಗಿ. "ಕಾಗದದಲ್ಲಿ ನೀವು ಅಮ್ಮನ ಮನೇಲಿದ್ದೀರಲ್ಲ."

ಐದಕ್ಕೆ ಎಂಟು ನಿಮಿಷವಿದ್ದಾಗ ಜುಮಾಶ್ ಕಿಟಕಿಯ ಸರಳು ಹಿಡಿದು ನಿಂತಿದ್ದ. ಯಾವ ಜಾಗವಾದರೂ ಸರಿ, ಆಸ್ಪತ್ರೆಯ ಹಿಂದೆ ಮೇಕೆಗಳ ಮಧ್ಯವಾದರೂ ಸರಿ ಎಂದ. ಒರೊಜ್ ಪುಸ್ತಕ ತೆರೆದ, ಬೆರಳು ಓಡಿಸಿದ, ನಿಲ್ಲಿಸಿದ.

"ನಿನ್ನ ಪರವಾನಗಿ ಟೋರ್‌ಬುಲಾಕ್‌ದಲ್ವೋ."

"ಇಷ್ಟು ವರ್ಷ ನಡೀತಲ್ಲ ಸಾಹೇಬ್ರೆ."

"ಇಷ್ಟು ವರ್ಷ ಹಳೇ ಒಪ್ಪಂದದ ಕೆಳಗೆ ಸಹಿ ಹಾಕ್ತಿದ್ದೆ, ನಾನೂ ಬೀಜ ತಿನ್ಕೊಂಡು ಮುದ್ರೆ ಹೊಡೀತಿದ್ದೆ. ಹೊಸ ಜಾಗ ಅಂದ್ರೆ ಹೊಸ ಕಾಗದ. ಹೊಸ ಕಾಗದಕ್ಕೆ ಪಟ್ಟಣದ ಪರವಾನಗಿ ಬೇಕು. ಅದಕ್ಕೆ ಮೂರು ತಿಂಗಳು. ಅಲ್ಲೀವರೆಗೂ ಕಾನೂನು ಪ್ರಕಾರ ನೀನು ಸಂಸಾ ಬೇಯಿಸ್ಬಹುದಾದ ಜಾಗ ಈ ಭೂಮಿ ಮೇಲೆ ಒಂದೇ." ಎಲ್ಲಿ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಐದು ಹೊಡೆಯಿತು. ಕಿಟಕಿ ಮುಚ್ಚಿತು.

ಮೆಟ್ಟಿಲಿಳಿದು ಬಂದ ಐಜಾದಾ ಅವನ ಕೈಗೆ ಒಂದು ದಪ್ಪ ಕಾಗದ ಇಟ್ಟಳು. "ಎಲ್ಲಿ ಹೋಗ್ಬಿಟ್ರಿ ಅಣ್ಣಾ? ಇಡೀ ತರಗತೀಲಿ ನಿಮ್ಮದೇ ಒಳ್ಳೇ ಕೆಲಸ. ನೀವೇ ಮೊದಲು. ಎರಡನೇ ಹಂತದ ತರಬೇತಿಗೆ ಆಯ್ಕೆ ಆಗಿದ್ದೀರ. ಅದರಲ್ಲಿ ನಕ್ಷೆ ಇರುತ್ತೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಖುಷಿ ವಿಷಯ. ಟೋರ್‌ಬುಲಾಕ್‌ನ ಆ ಆರನೇ ನಂಬರ್ ಮನೆಗೆ ಫೋನ್ ಮಾಡ್ದೆ. ಎಂಥ ಹೆಂಗಸು ಅಂತೀರಿ. ಎಲ್ಲಾ ವ್ಯಾಪಾರಾನೂ ಜೋರಾಗಿ ನಡೀತಿದೆ, ಬಂದು ನೋಡಿ ಅಂದ್ರು. ನಾಳೆ ಬೆಳಿಗ್ಗೆ ತರಗತಿ ಪೂರ್ತಿ ಅಲ್ಲಿಗೇ ಪ್ರವಾಸ. ಪರವಾನಗಿ ಇಲಾಖೆಯವರೂ ಜೊತೆಗೆ ಬರ್ತಾರೆ."

ಅವಳು ಹೇಳಿ ಮುಗಿಸುವ ಮೊದಲೇ ಜುಮಾಶ್‌ನ ಜೇಬು ಬಡಿದುಕೊಳ್ಳತೊಡಗಿತು. ಅತ್ತೆ.

"ಅಳಿಯಾ," ಎಂದಳು ಬುಬುಸಾರಾ. "ನಾಳೆ ಬೆಳಿಗ್ಗೆ ಸರ್ಕಾರದೋರು ಬಂದು ನೋಡೋ ಹೊತ್ತಿಗೆ ಒಲೆ ಉರೀತಿರ್ಬೇಕು. ಇಲ್ದಿದ್ರೆ ಆರು ಜನದ ಪರವಾನಗೀನೂ ಹೋಗುತ್ತೆ, ಉಳಿದ ಐದೂ ಜನದ ಶಾಪಾನೂ ನಿನಗೇ. ಕ್ಷೌರದೋನು ಹೊರಟ. ಹಲ್ಲಿನೋನು ಕುರ್ಚಿ ಬಿಚ್ತಿದ್ದಾನೆ. ನೀನೇ ಕೊನೆ. ನೀನು ಯಾವತ್ತೂ ಕೊನೇನೇ."

ಸಂಜೆಯ ಬಿಸಿಲು ಗುಡ್ಡದ ಮೇಲಿನಿಂದ ಇಳಿಯುವ ಹೊತ್ತಿಗೆ ಟೋರ್‌ಬುಲಾಕ್‌ನ ಕಚ್ಚಾರಸ್ತೆಯಲ್ಲಿ ಹಿಂದೆಂದೂ ಕಾಣದ ಮೆರವಣಿಗೆ ಏರುತ್ತಿತ್ತು. ಮುಂದಿನ ವ್ಯಾನಿನ ಮೇಲೆ ಕ್ಷೌರದ ಕುರ್ಚಿ, ಅದರ ಹಿಂದೆ ಟೈರುಗಳ ಗುಡ್ಡೆ, ಅದರ ಹಿಂದಿನ ಕಾರಿನ ಕಿಟಕಿಗಳಿಂದ ಬಿಳಿ ಮದುವೆ ಗೌನುಗಳ ಚುಂಗು ಹಾರುತ್ತಿತ್ತು. ಎಲ್ಲರಿಗಿಂತ ಕೊನೆಗೆ ಬಾಡಿಗೆಯ ಲಾರಿಯಲ್ಲಿ ತಂದೂರು, ಬುರುಲ್ ಮತ್ತು ಜುಮಾಶ್. ಅವನ ಮಡಿಲಲ್ಲಿ ಏಪ್ರನ್, ಏಪ್ರನ್ನಿನೊಳಗೆ ಮೊದಲ ಬಹುಮಾನದ ಕಾಗದ.

ಬುಬುಸಾರಾ ಗೇಟಿನಲ್ಲೇ ಬೆತ್ತ ಹಿಡಿದು ನಿಂತು ಒಬ್ಬೊಬ್ಬರಿಗೂ ಜಾಗ ತೋರಿಸುತ್ತಿದ್ದಳು. ಹಲ್ಲಿನ ಡಾಕ್ಟರಿಗೆ ಕರುಗಳ ಕೊಟ್ಟಿಗೆ, ಗೌನುಗಳಿಗೆ ಹುಲ್ಲಿನ ಮಾಳಿಗೆ. ಅಕ್ಕಪಕ್ಕದ ಮನೆಯವರೆಲ್ಲ ಬೇಲಿಯ ಮೇಲೆ ಕುಳಿತು, ಕುರಿಯನ್ನೇ ಬೋಳಿಸಲು ಬಾರದ ಕ್ಷೌರಿಕ ಎಂದೂ, ಕುದುರೆಗೆ ಟೈರು ಹಾಕಿಸುತ್ತೇವೆ ಎಂದೂ ಮಾತಾಡಿಕೊಳ್ಳುತ್ತಿದ್ದರು.

"ನಿನ್ನ ಒಲೆ ಬಾಗಿಲ ಹತ್ರ ಇಡು. ಬರೋರಿಗೆ ಮೊದಲು ಅದೇ ಕಾಣ್ಲಿ," ಎಂದಳು ಅತ್ತೆ.

ಲಾರಿಯಿಂದ ತಂದೂರನ್ನು ಅತ್ತೆಯ ಸಗಣಿ ಗಾಡಿಗೆ ಇಳಿಸಿ, ಜುಮಾಶ್ ಹಿಂದಿನಿಂದ ತಳ್ಳಿದ. ಗಾಡಿ ಅಂಗಳ ದಾಟಿತು, ಬೆರಣಿಯ ರಾಶಿಯ ಹತ್ತಿರ ಬಂತು. ಅಲ್ಲಿ ಲಟ್ಟೆಂದು ಸದ್ದಾಗಿ ಒಂದು ಕಡೆ ವಾಲಿತು. ತಂದೂರು ಮೆಲ್ಲಗೆ ಜಾರಿ ಬೆರಣಿ ರಾಶಿಗೆ ಬೆನ್ನು ಕೊಟ್ಟು ಕುಳಿತುಕೊಂಡಿತು.

ಬುಬುಸಾರಾ ಬಂದು ಬಗ್ಗಿ ನೋಡಿದಳು. ಚಕ್ರ ಮುರಿದಿತ್ತು.

"ಇರ್ಲಿ ಬಿಡು," ಎಂದಳು. "ಈ ಜಾಗಾನೇ ಸರಿಯಾಗಿದೆ. ಉರುವಲು ಕೈಗೇ ಸಿಗುತ್ತೆ."